ಹೊರೆ, ಒಟ್ಟು, ಮಣ: ಸೌದೆಯ ಅಳತೆಯಲ್ಲಿ ನ್ಯಾಯ ಎಲ್ಲಿದೆ?

ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿ ಎಂಬ ತಪಸ್ವಿಯ ಕತೆ ಬರುತ್ತದೆ. ಮರದ ಮೋಟಿನಂತೆ ಅಲುಗಾಡದೆ ನಿಂತು ತಪಸ್ಸು ಮಾಡಿದವನು ಅವನು. ಜಡೆಯೊಳಗೆ ಗುಬ್ಬಚ್ಚಿಗಳು ಗೂಡು ಕಟ್ಟಿದವು, ಮೊಟ್ಟೆಯಿಟ್ಟವು. ಮರಿಗಳು ರೆಕ್ಕೆ ಬಲಿತು ಹಾರಿಹೋಗುವವರೆಗೂ ಆತ ಕದಲಲಿಲ್ಲ. ಧರ್ಮ ಕೈಗೆ ದಕ್ಕಿತು ಎಂದು ಆತ ತೋಳು ತಟ್ಟಿಕೊಂಡಾಗ ಆಕಾಶದಿಂದ ದನಿಯೊಂದು ಕೇಳಿತು: ಕಾಶಿಯ ತುಲಾಧಾರನಿಗೆ ನೀನು ಸಮನಲ್ಲ. ಹುಡುಕಿಕೊಂಡು ಹೋದರೆ ಆ ತುಲಾಧಾರ ಒಬ್ಬ ಅಂಗಡಿಯವ. ನಿನ್ನ ಸಾಧನೆ ಏನಪ್ಪಾ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರದ ತಿರುಳು ಇಷ್ಟೇ: ನನ್ನ ತಕ್ಕಡಿ ಎಲ್ಲ ಜೀವಿಗಳಿಗೂ ಒಂದೇ.

ತುಲಾಧಾರ ಮಾರುತ್ತಿದ್ದ ಸರಕಿನ ಪಟ್ಟಿಯೂ ಕತೆಯಲ್ಲಿದೆ. ಅರಗು, ಪದ್ಮಕ, ಸುಗಂಧದ್ರವ್ಯ, ಮದ್ಯವೊಂದನ್ನು ಬಿಟ್ಟು ಬಗೆಬಗೆಯ ರಸಗಳು. ಉರುವಲು ಸೌದೆ ಆ ಪಟ್ಟಿಯಲ್ಲಿಲ್ಲ. ಅದು ಅವನ ಅದೃಷ್ಟ ಎನ್ನಬೇಕು. ಸೌದೆ ಡಿಪೋ ಇಟ್ಟಿದ್ದರೆ ತಕ್ಕಡಿ ಸಮ ಇದ್ದ ಮಾತ್ರಕ್ಕೆ ವ್ಯಾಪಾರ ಸಮ ಆಯಿತು ಎಂದು ಅಷ್ಟು ನಿರಾಳವಾಗಿ ಹೇಳಲು ಅವನಿಗೆ ಆಗುತ್ತಿರಲಿಲ್ಲ. ಅಕ್ಕಿಯನ್ನು ಅಳೆಯಬಹುದು, ಎಣ್ಣೆಯನ್ನು ಅಳೆಯಬಹುದು, ಬಟ್ಟೆಗೆ ಮೊಳ ಹಾಕಬಹುದು. ಸೌದೆ ಮಾತ್ರ ಯಾವ ಅಳತೆಗೂ ಪೂರ್ತಿ ಸಿಕ್ಕುವ ವಸ್ತುವಲ್ಲ. ಒಟ್ಟಿದರೆ ನಡುವೆ ಗಾಳಿ, ತೂಗಿದರೆ ಒಳಗೆ ನೀರು, ಕಟ್ಟಿದರೆ ಒಳಗೇನಿದೆಯೋ ಕಟ್ಟಿದವನಿಗಷ್ಟೇ ಗೊತ್ತು.

ಕೊಳ್ಳುವವನಿಗೆ ಬೇಕಾದದ್ದು ಬೆಂಕಿ. ಮಾರುವವನು ಕೊಡುವುದು ಮರ. ಇವೆರಡರ ನಡುವೆ ಉಳಿಯುವ ಸಂದಿನಲ್ಲಿ ಧರ್ಮ ಯಾವುದು, ಅಧರ್ಮ ಯಾವುದು ಎಂಬ ಪ್ರಶ್ನೆಯನ್ನು ಬೇರೆ ಬೇರೆ ಮತಗಳು ಬೇರೆ ಬೇರೆ ಬಗೆಯಲ್ಲಿ ಎದುರಿಸಿವೆ.

ಮೊದಲು ಹೊರೆಯನ್ನೇ ನೋಡೋಣ. ಸೌದೆಯ ಅತ್ಯಂತ ಹಳೆಯ ಏಕಮಾನ ಇದೇ ಇರಬೇಕು. ಒಂದು ಹೊರೆ ಎಂದರೆ ಎಷ್ಟು? ಒಬ್ಬರು ತಲೆಯ ಮೇಲೆ ಹೊತ್ತು ಸಂತೆಯವರೆಗೆ ನಡೆಯಬಲ್ಲಷ್ಟು. ಅಂದರೆ ಈ ಅಳತೆಯಲ್ಲಿ ಮರದ ಲೆಕ್ಕಕ್ಕಿಂತ ಮೊದಲು ಮೈಯ ಲೆಕ್ಕವಿದೆ: ಹೊರುವವಳ ಕುತ್ತಿಗೆಯ ಕಸುವು, ಕಾಡಿಗೂ ಊರಿಗೂ ಇರುವ ದೂರ, ದಾರಿಯ ಏರು. ಕೊಳ್ಳುವವರಿಗೂ ತಮ್ಮದೇ ಪರೀಕ್ಷೆಗಳುಂಟು. ಎರಡು ಸೀಳನ್ನು ಎಳೆದು ಒಂದಕ್ಕೊಂದು ಬಡಿದು ನೋಡುತ್ತಾರೆ. ಒಣಗಿದ್ದರೆ ಠಣ್ಣೆಂದು ಸದ್ದು, ಹಸಿಯಿದ್ದರೆ ದಬ್ಬೆಂದು ಮಂಕು ಸದ್ದು. ತುದಿಯಲ್ಲಿ ಬಿರುಕು ಬಿಟ್ಟಿದೆಯೇ, ತೊಗಟೆ ಸುಲಭವಾಗಿ ಏಳುತ್ತದೆಯೇ ಎಂದು ಕಣ್ಣಾಡಿಸುತ್ತಾರೆ. ಹೊರೆಯ ನಡುವೆ ಸೊಟ್ಟ ಕೊಂಬೆ ತುರುಕಿ ಉಬ್ಬಿಸಿದ್ದರೆ ಒಂದು ಸಲ ಎತ್ತಿ ಇಳಿಸಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಕನ್ನಡಿಗರಿಗೆ ಸೌದೆಯ ಹೊರೆ ಎಂದ ಕೂಡಲೇ ನೆನಪಾಗಬೇಕಾದವನು ಮೋಳಿಗೆಯ ಮಾರಯ್ಯ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆಯೇ. 12ನೆಯ ಶತಮಾನದ ಈ ಶರಣ ಕಾಶ್ಮೀರದ ಅರಸನಾಗಿದ್ದನೆಂದೂ, ಸಿಂಹಾಸನ ಬಿಟ್ಟು ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಜಂಗಮದಾಸೋಹ ನಡೆಸಿದನೆಂದೂ ಪರಂಪರೆ ಹೇಳುತ್ತದೆ. ಅವನ ಬಡತನ ಕಂಡು ಬಸವಣ್ಣ ಗುಟ್ಟಾಗಿ ಗುಡಿಸಲಿಗೆ ಬಂದು, ಮಹಾದೇವಿಯ ಕೈಯ ಅಂಬಲಿ ಉಂಡು, ಹೊನ್ನಿನ ಗಂಟನ್ನು ಬಿಟ್ಟುಹೋದನಂತೆ. ಮನೆಗೆ ಮರಳಿದ ಮಾರಯ್ಯ ಆ ಹೊನ್ನನ್ನು ಮುಟ್ಟಲಿಲ್ಲ, ಜಂಗಮರಿಗೆ ಹಂಚಿಬಿಟ್ಟ. ಅಷ್ಟಕ್ಕೇ ಬಿಡದೆ, ಪಾದೋದಕ ಚಿಮುಕಿಸಿ ಕಟ್ಟಿಗೆಯ ಹೊರೆಯನ್ನೇ ಹೊನ್ನಾಗಿಸಿ ತೋರಿಸಿದ ಎಂದು ಕತೆ ಮುಂದುವರಿಯುತ್ತದೆ.

ಪವಾಡವನ್ನು ಪಕ್ಕಕ್ಕಿಟ್ಟರೂ ಕತೆಯೊಳಗಿನ ತಕರಾರು ಗಟ್ಟಿಯಾದದ್ದು. ಬಸವಣ್ಣನ ಕೊಡುಗೆಯಲ್ಲಿ ಕರುಣೆಯಿದೆ. ಆದರೆ ಹೊರೆಗೆ ಮಾರುಕಟ್ಟೆಯಲ್ಲಿ ಸಿಕ್ಕ ಬೆಲೆಯಷ್ಟೇ ತನ್ನದು, ಅದರ ಮೇಲೆ ಒಂದು ಕಾಸು ಬಂದರೂ ಅದು ತನ್ನ ಮೈ ದುಡಿದದ್ದಲ್ಲ ಎಂಬುದು ಮಾರಯ್ಯನ ಪಟ್ಟು. ಅವನಿಗೆ ಹೊರೆಯೇ ಏಕಮಾನ. ತನ್ನ ಬೆನ್ನು ಹೊತ್ತದ್ದೆಷ್ಟೋ ತನ್ನ ಪಾಲು ಅಷ್ಟು. ಇದೇ ಮಾತಿನ ಇನ್ನೊಂದು ಮುಖ ಇಸ್ಲಾಮಿನ ಹದೀಸಿನಲ್ಲಿ ಸಿಗುತ್ತದೆ. ಹಗ್ಗ ತೆಗೆದುಕೊಂಡು ಹೋಗಿ, ಸೌದೆಯ ಕಟ್ಟನ್ನು ಬೆನ್ನ ಮೇಲೆ ಹೊತ್ತು ತಂದು ಮಾರುವುದು ಇನ್ನೊಬ್ಬರ ಮುಂದೆ ಕೈಯೊಡ್ಡುವುದಕ್ಕಿಂತ ಮೇಲು ಎಂದು ಪ್ರವಾದಿ ಮುಹಮ್ಮದರು ಹೇಳಿದ್ದು ಬುಖಾರಿಯ ಸಂಗ್ರಹದಲ್ಲಿ ದಾಖಲಾಗಿದೆ. ಮೈಬೆವರಿನ ಘನತೆಗೆ ಉದಾಹರಣೆ ಬೇಕಾದಾಗ ಅರೇಬಿಯದಲ್ಲೂ ಕಲ್ಯಾಣದಲ್ಲೂ ಕಣ್ಣಿಗೆ ಬಿದ್ದದ್ದು ಸೌದೆಯ ಹೊರೆಯೇ. ಎಲ್ಲರ ಕೈಗೂ ಎಟಕುವ, ಬಂಡವಾಳವೇ ಬೇಡದ ಕೆಲಸ ಅದೊಂದೇ ಆಗಿದ್ದೀತು.

ಮೈಯನ್ನೇ ಅಳತೆಗೋಲಾಗಿಸುವ ರೂಢಿ ಯಜ್ಞದಲ್ಲೂ ಇದೆ. ಬೆಂಕಿಗೆ ಹಾಕುವ ಸಮಿತ್ತಿನ ಉದ್ದ ಒಂದು ಪ್ರಾದೇಶ, ಅಂದರೆ ಚಾಚಿದ ಹೆಬ್ಬೆರಳಿನಿಂದ ತೋರುಬೆರಳಿನವರೆಗೆ. ದರ್ಶಪೂರ್ಣಮಾಸ ಯಾಗದಲ್ಲಿ ಕಟ್ಟುವ ಇಧ್ಮ ಎಂಬ ಸೌದೆಯ ಕಟ್ಟಿನಲ್ಲಿ 21 ಕಡ್ಡಿ. ಇಲ್ಲಿ ಮೋಸದ ಪ್ರಶ್ನೆ ಏಳುವುದಿಲ್ಲ, ಯಾಕೆಂದರೆ ಅಳೆಯುವವನೂ ಕೊಡುವವನೂ ಒಬ್ಬನೇ. ಸೌದೆ ಕೈ ಬದಲಾಯಿಸಿದಾಗಲೇ ತೊಡಕು ಶುರುವಾಗುವುದು.

ಕೈ ಬದಲಾಗುವ ಸೌದೆಯನ್ನು ಗಾತ್ರದಿಂದ ಅಳೆಯಲು ಹೊರಟವರಲ್ಲಿ ಅಮೆರಿಕದವರು ಹೆಸರಾದವರು. ಅವರ ಏಕಮಾನ ಕಾರ್ಡ್. ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ, ಎಂಟು ಅಡಿ ಉದ್ದದ ಒಟ್ಟು; ಒಟ್ಟಾರೆ 128 ಘನ ಅಡಿ. ಆದರೆ ಇದರಲ್ಲಿ ನಿಜವಾದ ಮರ ಸಾಮಾನ್ಯವಾಗಿ 80ರಿಂದ 90 ಘನ ಅಡಿಯಷ್ಟೇ. ಮಿಕ್ಕಿದ್ದು ಗಾಳಿ. ದಪ್ಪ ತುಂಡುಗಳಿದ್ದರೆ ಸಂದು ಹೆಚ್ಚು, ಸಣ್ಣವಿದ್ದರೆ ಕಡಿಮೆ ಎಂದು ಮನಸ್ಸಿಗೆ ತೋರುತ್ತದೆ. ಗಣಿತ ಬೇರೆ ಹೇಳುತ್ತದೆ. ಒಂದೇ ಗಾತ್ರದ ನೇರ ದುಂಡು ತುಂಡುಗಳನ್ನು ಒಂದರ ಮೇಲೊಂದು ಚೌಕವಾಗಿ ಜೋಡಿಸಿದರೆ, ಅವು ತೊಡೆಯಷ್ಟು ದಪ್ಪವಿರಲಿ, ಬೆರಳಷ್ಟು ಸಣ್ಣವಿರಲಿ, ಮರ ತುಂಬುವ ಜಾಗ ಶೇ 78.5 ಮಾತ್ರ. ಸೊಟ್ಟ, ಗಂಟು, ಕವಲುಗಳು ಸೇರಿಕೊಂಡಾಗ ಆ ಅಂಕಿ ಇನ್ನೂ ಕೆಳಗಿಳಿಯುತ್ತದೆ.

ಒಟ್ಟುವ ಕೈ ಮನಸ್ಸು ಮಾಡಿದರೆ ಇನ್ನೆಷ್ಟು ಬೇಕಾದರೂ ಇಳಿಸಬಹುದು. ಅಡ್ಡಡ್ಡ ಪೇರಿಸಬಹುದು. ಹೊರಸಾಲು ಒತ್ತಾಗಿಟ್ಟು ನಡುವೆ ಪೊಳ್ಳು ಬಿಡಬಹುದು. ಸೀಳಿನ ಚಪ್ಪಟೆ ಮುಖಗಳು ಒಂದಕ್ಕೊಂದು ಕೂರದ ಹಾಗೆ ತಿರುಗಿಸಿಡಬಹುದು. ಅದಕ್ಕೇ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯ ಮಾದರಿ ನಿಯಮಗಳು ಉದ್ದ, ಅಗಲ, ಎತ್ತರ ಹೇಳಿ ಸುಮ್ಮನಾಗುವುದಿಲ್ಲ. ತುಂಡುಗಳು ಒಂದಕ್ಕೊಂದು ತಾಗಿರಬೇಕು, ಸಮಾನಾಂತರವಾಗಿರಬೇಕು, ಒತ್ತಾಗಿ ಕೂತಿರಬೇಕು ಎಂದೂ ಸೇರಿಸುತ್ತವೆ. ಎಸೆದು ಗುಡ್ಡೆ ಹಾಕಿ ಮಾರುವ ಗಿಡ್ಡ ತುಂಡುಗಳಿಗೆ ಮೇನ್ ರಾಜ್ಯ ಇನ್ನೊಂದು ಲೆಕ್ಕ ಇಟ್ಟಿದೆ: ಹಾಗೆ ಸಡಿಲವಾಗಿ ತುಂಬಿದರೆ 180 ಘನ ಅಡಿ ಕೊಡಬೇಕು. ಎದುರಿನ ಮುಖವಷ್ಟೇ ನಾಲ್ಕು ಅಡಿ, ಎಂಟು ಅಡಿ ಇದ್ದು, ಆಳ ಬರೀ ಒಂದು ತುಂಡಿನ ಉದ್ದವಿರುವ 'ಫೇಸ್ ಕಾರ್ಡ್' ಎಂಬ ಹೆಸರಿನಲ್ಲಿ ಮಾರುವುದಕ್ಕೆ ಹಲವು ರಾಜ್ಯಗಳಲ್ಲಿ ಅವಕಾಶವಿಲ್ಲ. 16 ಅಂಗುಲದ ತುಂಡುಗಳಾದರೆ ಅದು ಪೂರ್ತಿ ಕಾರ್ಡಿನ ಮೂರನೆಯ ಒಂದು ಪಾಲು ಮಾತ್ರ. ಕೊಳ್ಳುವವನ ಕಣ್ಣಿಗೆ ಎರಡೂ ಒಂದೇ ಗೋಡೆ.

ಒಂದು ಅಳತೆಯ ನಿಯಮದೊಳಗೆ 'ಒತ್ತಾಗಿ' ಎಂಬ ಮಾತು ಬಂದು ಕೂರುವುದು ಸಣ್ಣ ಸಂಗತಿಯಲ್ಲ. ಎಷ್ಟು ಒತ್ತಾದರೆ ಒತ್ತು? ಅದಕ್ಕೆ ಅಂಕಿಯಿಲ್ಲ. ಅಲ್ಲಿಗೆ ಕಾನೂನು ತನ್ನ ಗೆರೆಯ ಕೊನೆ ಮುಟ್ಟಿ, ಮಿಕ್ಕಿದ್ದನ್ನು ಒಟ್ಟುವವನ ಮನಸ್ಸಾಕ್ಷಿಗೆ ಬಿಟ್ಟುಕೊಡುತ್ತದೆ.

ಫ್ರೆಂಚರ ಅನುಭವ ಇದಕ್ಕಿಂತ ಸ್ವಾರಸ್ಯ. ಊರಿಗೊಂದು ಅಳತೆಯಿದ್ದ ದೇಶದಲ್ಲಿ ಕ್ರಾಂತಿಯ ಹೊತ್ತಿಗೆ ಜನ ಕೇಳಿದ ಬೇಡಿಕೆಗಳಲ್ಲಿ ಒಂದೇ ತೂಕ, ಒಂದೇ ಅಳತೆ ಎಂಬುದೂ ಇತ್ತು. 1795ರ ಏಪ್ರಿಲ್ 7ರ ಕಾನೂನು ಮೀಟರು, ಆರ್, ಲೀಟರು, ಗ್ರಾಂಗಳ ಜೊತೆಗೆ ಸ್ಟೇರ್ ಎಂಬ ಐದನೆಯ ಏಕಮಾನವನ್ನೂ ಹುಟ್ಟುಹಾಕಿತು. ಒಂದು ಘನ ಮೀಟರು, ಉರುವಲು ಸೌದೆಗಾಗಿಯೇ. ಮೆಟ್ರಿಕ್ ಪದ್ಧತಿಯ ಹುಟ್ಟಿನಲ್ಲೇ ಸೌದೆಗೆ ಪ್ರತ್ಯೇಕ ಪೀಠವಿತ್ತೆಂಬುದು ಇಂದು ಹೆಚ್ಚು ಜನಕ್ಕೆ ತಿಳಿಯದು. ಆದರೆ ಸೌದೆ ಆ ಪೀಠದಲ್ಲಿ ನೆಟ್ಟಗೆ ಕೂರಲಿಲ್ಲ. ಒಂದು ಮೀಟರ್ ಉದ್ದದ ತುಂಡುಗಳ ಒಂದು ಸ್ಟೇರನ್ನು ಅರ್ಧ ಮೀಟರಿಗೆ ಕೊಯ್ದು ಮತ್ತೆ ಒಟ್ಟಿದರೆ ಅದು ಸುಮಾರು 0.8 ಘನ ಮೀಟರಿಗೆ ಇಳಿಯುತ್ತದೆ. 33 ಸೆಂಟಿಮೀಟರಿಗೆ ಕೊಯ್ದರೆ ಸುಮಾರು 0.7. ಗಿಡ್ಡ ತುಂಡುಗಳಲ್ಲಿ ಸೊಟ್ಟ ಕಡಿಮೆಯಾಗಿ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಳ್ಳುವುದೇ ಕಾರಣ. ಕೊಯ್ಯುವಾಗ ಬಿದ್ದ ಹೊಟ್ಟು ಬಿಟ್ಟರೆ ಮರ ಎಲ್ಲಿಗೂ ಹೋಗಿಲ್ಲ, ಬೆಂಕಿಯೂ ಅಷ್ಟೇ ಬರುತ್ತದೆ; ಅಳತೆಯಲ್ಲಿ ಮಾತ್ರ ಹತ್ತರಲ್ಲಿ ಮೂರು ಪಾಲು ಕರಗಿದಂತೆ ಕಾಣುತ್ತದೆ. 1977ರ ಕೊನೆಗೆ ಫ್ರಾನ್ಸ್ ಸ್ಟೇರನ್ನು ಅಧಿಕೃತ ಏಕಮಾನಗಳ ಸಾಲಿನಿಂದ ತೆಗೆದುಹಾಕಿತು. ಹಳ್ಳಿಗಳ ಸೌದೆ ವ್ಯಾಪಾರ ಈಗಲೂ ಅದೇ ಹೆಸರಿನಲ್ಲಿ ನಡೆಯುತ್ತದೆ ಎಂಬುದು ಬೇರೆ ಮಾತು.

ಗಾತ್ರದ ಸಹವಾಸವೇ ಬೇಡ, ತೂಗಿಬಿಡೋಣ ಎಂದವರು ನಮ್ಮವರು. ಮಣ, ಕ್ವಿಂಟಾಲ್, ಟನ್ನು. ಮಣವೂ ಒಂದೇ ಆಗಿರಲಿಲ್ಲ: ಬ್ರಿಟಿಷರ ಕಾಲದಲ್ಲಿ ಮದರಾಸಿನ ಮಣ 25 ಪೌಂಡು, ಮುಂಬಯಿಯದು 28, ಬಂಗಾಳದ್ದು 82 ಪೌಂಡಿಗೂ ಮೇಲೆ. ಹೆಸರು ಒಂದೇ, ಭಾರ ಮೂರು ಪಟ್ಟಿಗೂ ಹೆಚ್ಚು. 1956ರ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂದು, 1958ರಿಂದ ಹಂತಹಂತವಾಗಿ ಕಿಲೋ ಜಾರಿಯಾದ ಮೇಲೆ ಈ ಗೊಂದಲ ತೀರಿತು.

ತೂಕಕ್ಕೆ ಒಂದು ದೊಡ್ಡ ಗುಣವಿದೆ. ಗಾತ್ರದಲ್ಲಿ ಅಳೆದರೆ ಮರದ ಜಾತಿಯಿಂದ ಜಾತಿಗೆ ಶಾಖದಲ್ಲಿ ಅಜಗಜಾಂತರ. ಒಂದು ಒಟ್ಟು ಸರ್ವೆ ಮರ ಕೊಡುವ ಬೆಂಕಿಗೂ ಅಷ್ಟೇ ಒಟ್ಟು ಬೂರುಗದ ಬೆಂಕಿಗೂ ಹೋಲಿಕೆಯೇ ಇಲ್ಲ. ತೂಕದಲ್ಲಿ ಅಳೆದರೆ ಆ ಅಂತರ ಬಹುಪಾಲು ಅಳಿಸಿಹೋಗುತ್ತದೆ. ಪೂರ್ತಿ ಒಣಗಿದ ಒಂದು ಕಿಲೋ ಮರ, ಅದು ಬಳ್ಳಾರಿ ಜಾಲಿಯಾಗಲಿ, ಮಾವಾಗಲಿ, ಕೊಡುವ ಶಾಖ ಹೆಚ್ಚುಕಡಿಮೆ ಒಂದೇ, ಸುಮಾರು 4,500 ಕಿಲೋಕ್ಯಾಲೊರಿ. ಮಜ್ಝಿಮನಿಕಾಯದ ಅಸ್ಸಲಾಯನ ಸುತ್ತದಲ್ಲಿ ಬುದ್ಧ ಹುಟ್ಟಿನ ಮೇಲುಕೀಳನ್ನು ಅಲ್ಲಗಳೆಯುತ್ತ ಇದೇ ಬೆಂಕಿಯನ್ನು ಸಾಕ್ಷಿಗೆ ಕರೆಯುತ್ತಾನೆ. ಕುಲೀನರು ಚಂದನದಂಥ ಮರ ಕಡೆದು ಬೆಂಕಿ ಹೊತ್ತಿಸಲಿ, ಕೆಳಜಾತಿಯವರೆನಿಸಿಕೊಂಡವರು ನಾಯಿಗೆ ಉಣಬಡಿಸುವ ಮರಿಗೆಯಿಂದಲೋ ಹರಳು ಗಿಡದಿಂದಲೋ ಹೊತ್ತಿಸಲಿ, ಜ್ವಾಲೆಗೆ, ಬಣ್ಣಕ್ಕೆ, ಬೆಳಕಿಗೆ ಭೇದವುಂಟೇ ಎಂದು ಎದುರಿಗಿದ್ದ ಬ್ರಾಹ್ಮಣ ಯುವಕನನ್ನು ಕೇಳುತ್ತಾನೆ. ಆ ಪ್ರಶ್ನೆಗೆ ಸೌದೆ ಡಿಪೋದ ತಕ್ಕಡಿಯೂ ಸೊಗಸಾಗಿ ಉತ್ತರ ಕೊಡುತ್ತದೆ. ಒಂದೇ ಷರತ್ತು: ಮರ ಒಣಗಿರಬೇಕು.

ಎಲ್ಲ ಕಷ್ಟವೂ ಆ ಷರತ್ತಿನಲ್ಲೇ ಅಡಗಿದೆ.

ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರಿರುವುದು ಸಾಮಾನ್ಯ. ಬಿಸಿಲು ಗಾಳಿಗೆ ಚೆನ್ನಾಗಿ ಒಣಗಿದ ಸೌದೆಯಲ್ಲಿ ಶೇ 20ರ ಆಸುಪಾಸು. ಈಗ ಲೆಕ್ಕ ಹಾಕಿ. ಹಸಿ ಸೌದೆ 100 ಕಿಲೋ ಕೊಂಡರೆ ಅದರಲ್ಲಿ ಮರ 50 ಕಿಲೋ, ನೀರು 50 ಲೀಟರ್. ಒಣ ಸೌದೆ 100 ಕಿಲೋ ಕೊಂಡರೆ ಮರ 80 ಕಿಲೋ. ಅಷ್ಟಕ್ಕೇ ಮುಗಿಯುವುದಿಲ್ಲ. ಹಸಿಯಲ್ಲಿರುವ ಆ 50 ಲೀಟರ್ ನೀರನ್ನು ಆವಿಯಾಗಿಸಿ ಕಳಿಸುವುದಕ್ಕೇ ಎಂಟೊಂಬತ್ತು ಕಿಲೋ ಒಣ ಸೌದೆಯಷ್ಟು ಶಾಖ ಒಲೆಯಲ್ಲಿ ದಂಡವಾಗುತ್ತದೆ. ಎಲ್ಲ ಕಳೆದು ನೋಡಿದರೆ ಹಸಿ ಸೌದೆಯಿಂದ ಸಿಗುವುದು ಒಣ ಸೌದೆಯ ಅರ್ಧಕ್ಕಿಂತ ತುಸು ಹೆಚ್ಚು ಶಾಖ. ಮೇಲೆ ಹೊಗೆ, ಕೆಮ್ಮು, ಕಣ್ಣೀರು ಬಿಟ್ಟಿ.

ಇಲ್ಲಿ ಮೋಸ ಮಾಡಿದವರು ಯಾರು? ತಕ್ಕಡಿ ಸರಿಯಿದೆ, ಇಲಾಖೆಯ ಮುದ್ರೆಯಿದೆ. ಮುಳ್ಳು ಸುಳ್ಳು ಹೇಳಿಲ್ಲ. ಮಾರುವವನು ಕೊಳವೆ ಹಿಡಿದು ನೀರು ಬಿಟ್ಟಿಲ್ಲ. ಅದು ಮರ ತಾನೇ ಬೇರಿನಿಂದ ಹೀರಿದ ನೀರು. ಕೊಂಡವನು ಹಸಿಯೋ ಒಣಗಿದ್ದೋ ಎಂದು ಕೇಳಿಲ್ಲ. ಆದರೂ ಏನೋ ತಪ್ಪಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ತಪ್ಪಿಗೆ ಹೆಸರಿಡುವುದೇ ಕಷ್ಟ.

ಕೌಟಿಲ್ಯ ಈ ತೊಡಕಿನಿಂದ ಪಾರಾಗಲು ಒಂದು ಬೇರೆಯೇ ದಾರಿ ಹಿಡಿದಂತೆ ಕಾಣುತ್ತದೆ. ಅರ್ಥಶಾಸ್ತ್ರದ ತೂಕ-ಅಳತೆಗಳ ಅಧ್ಯಾಯದಲ್ಲಿ ಒಂದು ಚಿಕ್ಕ ಸೂತ್ರವಿದೆ: ಒಂದು ಪ್ರಸ್ಥ ಅಕ್ಕಿ ಬೇಯಿಸಲು 25 ಪಲ ಕಟ್ಟಿಗೆ. ವಿದ್ವಾಂಸರ ಅಂದಾಜು ಹಿಡಿದರೆ 25 ಪಲ ಎಂದರೆ ಒಂದು ಕಿಲೋ ಹತ್ತಿರ. ಅಕ್ಕಿಯ ತೂಕದ ಸುಮಾರು ಎರಡರಷ್ಟು. ಸೌದೆಯನ್ನು ಅನ್ನದಿಂದ ಅಳೆಯುವ ಲೆಕ್ಕ ಇದು. ಶತಮಾನಗಟ್ಟಲೆ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿ ಪ್ರತಿ ಸಿಕ್ಕಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸದೇ ಹೋಗಿದ್ದರೆ ಮೌರ್ಯರ ಅಡುಗೆಮನೆಯ ಈ ಗುಟ್ಟು ಇಂದಿಗೂ ತಿಳಿಯುತ್ತಿರಲಿಲ್ಲವೇನೋ. ಹಾಗೆಂದು ಕೌಟಿಲ್ಯನನ್ನು ನ್ಯಾಯದ ತಕ್ಕಡಿ ಎಂದು ಹೊಗಳಲು ಹೊರಟರೆ ಅದೇ ಅಧ್ಯಾಯ ತಡೆಯುತ್ತದೆ. ಬೊಕ್ಕಸಕ್ಕೆ ತೆಗೆದುಕೊಳ್ಳುವ ತುಲೆ ದೊಡ್ಡದು, ಸಂತೆಯದು ಅದಕ್ಕಿಂತ ಐದು ಪಲ ಕಡಿಮೆ, ಆಳುಕಾಳಿಗೆ ಕೊಡುವುದು ಇನ್ನೂ ಐದು ಪಲ ಕಡಿಮೆ ಎಂದು ಅಲ್ಲಿ ಏರ್ಪಾಡಾಗಿದೆ. ಅರಸನ ಕೈಯಲ್ಲಿದ್ದಾಗ ಅದು ಮೋಸವಲ್ಲ, ಪದ್ಧತಿ.

ತೆಗೆದುಕೊಳ್ಳುವಾಗ ಒಂದು ಅಳತೆ, ಕೊಡುವಾಗ ಒಂದು ಅಳತೆ ಎಂಬ ಈ ಇಬ್ಬಗೆಯನ್ನೇ ಕುರಾನಿನ 83ನೆಯ ಅಧ್ಯಾಯ ಶಪಿಸುತ್ತದೆ. ಆ ಅಧ್ಯಾಯದ ಹೆಸರೇ ಅಳತೆಯಲ್ಲಿ ಕಡಿಮೆ ಕೊಡುವವರದು. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು, ಒಂದು ದೊಡ್ಡದು, ಒಂದು ಸಣ್ಣದು, ಇಟ್ಟುಕೊಳ್ಳಬಾರದೆಂದು ಬೈಬಲ್ಲಿನ ಧರ್ಮೋಪದೇಶಕಾಂಡ ಹೇಳುತ್ತದೆ. ಬುದ್ಧ ತೊರೆದ ನಡತೆಗಳ ಪಟ್ಟಿಯಲ್ಲಿ ಬ್ರಹ್ಮಜಾಲ ಸುತ್ತ ಸುಳ್ಳು ತಕ್ಕಡಿ, ಸುಳ್ಳು ಅಳತೆಗಳನ್ನು ಸೇರಿಸಿದೆ. ಜೈನರ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೆಚ್ಚುಕಡಿಮೆ ಅಳೆಯುವುದನ್ನು ಅಚೌರ್ಯವ್ರತದ ಅತಿಚಾರ, ಅಂದರೆ ಕದಿಯಬಾರದೆಂಬ ವ್ರತಕ್ಕೆ ತರುವ ಕುಂದು, ಎಂದು ಹೆಸರಿಸುತ್ತದೆ. ಯಹೂದ್ಯರ ತಾಲ್ಮುದ್ ಒಂದು ಹೆಜ್ಜೆ ಮುಂದೆ ಹೋಗಿ, ಅಳತೆಯ ಪಾಪ ಬೇರೆ ಕೆಲವು ಘೋರ ಪಾಪಗಳಿಗಿಂತಲೂ ಕಠಿಣ ಎನ್ನುತ್ತದೆ. ಕಾರಣ ಯೋಚಿಸುವಂತಿದೆ: ಬೇರೆ ಪಾಪಕ್ಕೆ ಪಶ್ಚಾತ್ತಾಪದ ದಾರಿಯುಂಟು. ಅಂಗಡಿಗೆ ಬಂದುಹೋದ ಸಾವಿರಾರು ಜನರಲ್ಲಿ ಯಾರಿಗೆ ಎಷ್ಟು ಕಡಿಮೆ ಕೊಟ್ಟೆ ಎಂದು ನೆನಪಿಟ್ಟು ಹಿಂದಿರುಗಿಸುವುದು ಆಗದ ಮಾತು.

ಇವೆಲ್ಲ ಸುಳ್ಳು ತಕ್ಕಡಿಯ ವಿಚಾರ. ಹಸಿ ಸೌದೆಯ ಪ್ರಶ್ನೆ ನಿಜ ತಕ್ಕಡಿಯದು.

ಇದಕ್ಕೆ ಸಂತೆಗಳೇ ಕಂಡುಕೊಂಡ ಪರಿಹಾರ ಕೊಸರು. ಅಳೆದಾದ ಮೇಲೆ ಒಂದು ಹಿಡಿ ಮೇಲೆ ಹಾಕುವುದು, ತೂಗಿದ ಮೇಲೆ ಎರಡು ಸೀಳು ಎಸೆಯುವುದು. ಇದಕ್ಕೂ ಶಾಸ್ತ್ರದ ಬೆಂಬಲವಿದೆ. ತೂಗು, ತಟ್ಟೆ ತುಸು ವಾಲಲಿ ಎಂದು ಪ್ರವಾದಿಯವರು ತೂಗುವವನೊಬ್ಬನಿಗೆ ಹೇಳಿದ ಹದೀಸಿದೆ. ತಾಲ್ಮುದ್ ಕೂಡ ತಟ್ಟೆ ಕೊಂಚ ಇಳಿಯುವಂತೆ ತೂಗಬೇಕೆನ್ನುತ್ತದೆ. ಅಳತೆ ಎಂದೂ ನಿಖರವಲ್ಲ, ಆದ್ದರಿಂದ ತಪ್ಪು ಆಗುವುದಾದರೆ ಅದು ತನ್ನ ಕಡೆಗೇ ಆಗಲಿ ಎಂಬ ಎಚ್ಚರ ಇದರ ಹಿಂದಿದೆ. ಸುಂದರವಾದ ಎಚ್ಚರ. ಆದರೆ ಸೌದೆಯ ಅಂಗಡಿಯಲ್ಲಿ ಕೊಸರಿಗೆ ಇನ್ನೊಂದು ಮುಖವೂ ಇದೆ. 50 ಲೀಟರ್ ನೀರು ತೂಗಿ ಮಾರಿದ ಮೇಲೆ ನಗುತ್ತ ಎರಡು ಸೀಳು ಮೇಲೆ ಹಾಕಿದರೆ ಕೊಂಡವನು ಕೈಮುಗಿದು ಹೋಗುತ್ತಾನೆ. ಇಂಥ ಔದಾರ್ಯ ನ್ಯಾಯದ ಕೊರತೆಯನ್ನು ತುಂಬುವುದಿಲ್ಲ, ಮುಚ್ಚಿಡುತ್ತದೆ.

ಈ ಲೇಖನದ ಮಟ್ಟಿಗೆ ಪ್ರಶ್ನೆಯ ತಿರುಳನ್ನೇ ಮುಟ್ಟಿದವರು ಇಸ್ಲಾಮಿನ ನ್ಯಾಯಶಾಸ್ತ್ರಜ್ಞರು, ಅದರಲ್ಲೂ ಮಾಲಿಕಿ ಪಂಥದವರು. ಅಳೆಯದೆ, ತೂಗದೆ, ಕಣ್ಣಳತೆಯಲ್ಲಿ ರಾಶಿಯನ್ನೇ ಮಾರುವುದಕ್ಕೆ ಅವರಲ್ಲಿ ಜುಝಾಫ್ ಎಂಬ ಹೆಸರಿದೆ. ಅದು ನಿಷಿದ್ಧವಲ್ಲ. ಕೊಳ್ಳುವವನು ರಾಶಿಯನ್ನು ಕಣ್ಣಾರೆ ನೋಡಿರಬೇಕು. ಜೊತೆಗೆ, ರಾಶಿಯಲ್ಲಿ ಎಷ್ಟಿದೆ ಎಂಬುದು ಇಬ್ಬರಿಗೂ ಗೊತ್ತಿರಬಾರದು. ಮಾರುವವನಿಗೆ ಗೊತ್ತಿದ್ದು ಅದನ್ನು ಬಚ್ಚಿಟ್ಟಿದ್ದರೆ, ತಿಳಿದ ದಿನ ವ್ಯಾಪಾರ ಮುರಿಯುವ ಹಕ್ಕು ಕೊಂಡವನಿಗಿದೆ. ಗಮನಿಸಿ: ಸರಕು ಕಡಿಮೆಯಿತ್ತೋ ಹೆಚ್ಚಿತ್ತೋ ಎಂಬುದು ಇಲ್ಲಿ ಮುಖ್ಯವೇ ಅಲ್ಲ. ಇಬ್ಬರೂ ಅಜ್ಞಾನದಲ್ಲಿ ಸಮನಾಗಿದ್ದರೆ ವ್ಯಾಪಾರ ನ್ಯಾಯ. ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ತಕ್ಕಡಿ ಎಷ್ಟೇ ನೆಟ್ಟಗಿದ್ದರೂ ಅನ್ಯಾಯ. ಸಮವಾಗಬೇಕಾದದ್ದು ತಟ್ಟೆಗಳಿಗಿಂತ ಮೊದಲು ತಿಳಿವಳಿಕೆ. ಮರ ಕಡಿದದ್ದು ಯಾವಾಗ, ಎಷ್ಟು ದಿನ ಬಿಸಿಲು ಕಂಡಿತು, ಒಟ್ಟಿನ ಅಡಿಯಲ್ಲಿ ಯಾವ ಮರವಿದೆ ಎಂಬುದು ಡಿಪೋದವನಿಗೆ ಗೊತ್ತು. ಅಷ್ಟನ್ನು ಹೇಳಿ ಹಸಿ ಸೌದೆ ಮಾರಿದರೆ ಅವನ ಮೇಲೆ ದೋಷವಿಲ್ಲ. ಹೇಳದೆ ಮಾರಿದರೆ ಇಲಾಖೆಯ ಯಾವ ಮುದ್ರೆಯೂ ಅವನನ್ನು ಕಾಯದು.

ಜೈನರು ಈ ವಾದವನ್ನು ಕೇಳಿ ಮುಗುಳ್ನಗುತ್ತಾರೇನೋ. ಶ್ರಾವಕರು ದೂರವಿಡಬೇಕಾದ 15 ವೃತ್ತಿಗಳ ಪಟ್ಟಿಯಲ್ಲಿ ಇದ್ದಿಲು ಸುಡುವ ಅಂಗಾರಕರ್ಮ, ಕಾಡು ಕಡಿಯುವ ವನಕರ್ಮ ಎರಡೂ ಇವೆ. ಮರದೊಳಗಿನ ಜೀವ, ತೊಗಟೆಯ ಹುಳು, ಬೆಂಕಿಗೆ ಬೀಳುವ ಕೀಟ, ಇವುಗಳ ಪಾಲನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ ಎಂಬುದು ಅವರ ಸವಾಲು. ಈ ಕಣ್ಣಿನಿಂದ ನೋಡಿದರೆ ತುಲಾಧಾರನೂ ಪೂರ್ತಿ ಪಾರಾಗುವುದಿಲ್ಲ. ತನ್ನ ಮನೆಯನ್ನು ಬೇರೆಯವರು ಕಡಿದ ಮರ, ಬೇರೆಯವರು ಕೊಯ್ದ ಹುಲ್ಲಿನಿಂದ ಕಟ್ಟಿಕೊಂಡೆ ಎಂದು ಅವನೇ ಜಾಜಲಿಗೆ ಹೇಳುತ್ತಾನೆ. ಕೊಡಲಿ ಹಿಡಿದ ಆ ಬೇರೆಯವರ ಗತಿಯೇನು ಎಂದು ಜಾಜಲಿ ಕೇಳಲಿಲ್ಲ. ಕೇಳಿದ್ದರೆ ಸಂವಾದ ಇನ್ನಷ್ಟು ಉದ್ದವಾಗುತ್ತಿತ್ತು. ಜೈನರ ಸವಾಲು ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಮಾರುವುದೇ ಬೇಡ ಎನ್ನಬಲ್ಲವರ ಮಾತು. ಹೊರೆ ಮಾರಿದರಷ್ಟೇ ಸಂಜೆ ಒಲೆ ಹೊತ್ತುವವಳಿಗೆ ಅದು ದಾರಿ ತೋರಿಸುವುದಿಲ್ಲ.

ಅಡುಗೆ ಅನಿಲ ಬಂದ ಮೇಲೆ ಸೌದೆಯ ಲೆಕ್ಕ ಯಾರಿಗೆ ಬೇಕು ಎನ್ನುವವರಿದ್ದಾರೆ. ಮದುವೆ ಛತ್ರ, ಬೇಕರಿ, ಆಲೆಮನೆಗಳನ್ನು ಅವರು ಮರೆತಿದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ ಸ್ಮಶಾನವನ್ನು ಮರೆತಿದ್ದಾರೆ. ತೆರೆದ ಚಿತೆಗೆ ಸಾಮಾನ್ಯವಾಗಿ 400ರಿಂದ 500 ಕಿಲೋ ಸೌದೆ ಬೇಕು. ತುಲಾಧಾರನ ಊರಾದ ಕಾಶಿಯಲ್ಲೇ, ಮಣಿಕರ್ಣಿಕಾ ಘಾಟಿನ ಪಕ್ಕದಲ್ಲಿ, ಆಳೆತ್ತರದ ಒಟ್ಟುಗಳ ನಡುವೆ ದೊಡ್ಡ ತಕ್ಕಡಿ ನೇತುಹಾಕಿ ಇಂದಿಗೂ ಮಣದ ಲೆಕ್ಕದಲ್ಲಿ ಸೌದೆ ತೂಗುತ್ತಾರೆ. ಮರದ ಜಾತಿಗೆ ತಕ್ಕ ದರ. ಕೊಳ್ಳಲು ಬಂದವರು ಹೆಣ ಹೊತ್ತು ತಂದವರು. ಸೀಳು ಬಡಿದು ಸದ್ದು ಕೇಳುವ, ತುದಿಯ ಬಿರುಕು ನೋಡುವ, ಚೌಕಾಸಿ ಮಾಡುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ. ತಿಳಿವಳಿಕೆಯ ತಟ್ಟೆ ಇಷ್ಟು ಒಂದೇ ಕಡೆ ವಾಲುವ ಇನ್ನೊಂದು ವ್ಯಾಪಾರ ಸಿಗುವುದು ಕಷ್ಟ.

ಕಾಶಿಯ ಸ್ಮಶಾನದ ಸುಂಕ ಎಂದರೆ ಕನ್ನಡಿಗರಿಗೆ ರಾಘವಾಂಕನ ಹರಿಶ್ಚಂದ್ರ ಕಣ್ಣಮುಂದೆ ಬರುತ್ತಾನೆ. ಹುಲ್ಲು ಕಟ್ಟಿಗೆ ತರಲು ಕಾಡಿಗೆ ಹೋಗಿ ಹಾವು ಕಚ್ಚಿ ಸತ್ತ ಮಗನನ್ನು ಸುಡಲು ಬಂದ ಚಂದ್ರಮತಿಯನ್ನು ತಡೆದು, ಒಡೆಯನ ಸುಂಕ ಕೊಡು ಎಂದವನು ಅವನು. ತನ್ನ ಹೆಂಡತಿ, ತನ್ನ ಮಗು ಎಂದು ತಿಳಿದ ಮೇಲೂ ಬಿಡಲಿಲ್ಲ. ಎಲ್ಲರಿಗೂ ಒಂದೇ ದರ ಎಂಬ ನಿಷ್ಠೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆದರೆ ಹರಿಶ್ಚಂದ್ರ ವಸೂಲಿ ಮಾಡಿದ್ದು ಸುಂಕವನ್ನು, ಸೌದೆಯ ಬೆಲೆಯನ್ನಲ್ಲ. ಸುಂಕ ಎಷ್ಟೆಂಬುದು ಕೊಡುವವರಿಗೂ ಕೇಳುವವನಿಗೂ ಗೊತ್ತಿರುತ್ತದೆ. ಚಿತೆಯ ಸೌದೆ ಎಷ್ಟು ನೀರು ಕುಡಿದಿದೆ ಎಂಬುದು ಒಬ್ಬನಿಗೇ ಗೊತ್ತು. ಮಳೆಗಾಲದಲ್ಲಿ ಹಸಿ ಸೌದೆ ಹತ್ತದೆ, ತುಪ್ಪ ಸುರಿದು, ಸೀಮೆಎಣ್ಣೆ ಸುರಿದು, ಇನ್ನೊಂದಿಷ್ಟು ಸೌದೆ ತರಿಸಿ ಒದ್ದಾಡುವ ಮನೆಯವರಿಗೆ ತೂಕದಲ್ಲಿ ಮೋಸವಾಗಿದೆ ಎಂದು ಹೇಳಲೂ ಆಗುವುದಿಲ್ಲ, ಯಾಕೆಂದರೆ ತೂಕ ಸರಿಯಾಗಿಯೇ ಇತ್ತು.

2009ರ ಕಾನೂನು ಮಾಪನ ಕಾಯಿದೆ ತಕ್ಕಡಿಯನ್ನು ಪರೀಕ್ಷಿಸುತ್ತದೆ, ತೂಕದ ಬಟ್ಟುಗಳಿಗೆ ಮುದ್ರೆ ಒತ್ತುತ್ತದೆ. ಆ ಮುದ್ರೆ ಮರದೊಳಗಿನ ನೀರಿನ ಬಗ್ಗೆ ಏನೂ ಹೇಳುವುದಿಲ್ಲ. ಹಾಗೆಂದು ಹೊಸ ಕಾಯಿದೆಗಾಗಿ ಕಾಯಬೇಕಿಲ್ಲ. ಸೌದೆ ಡಿಪೋಗಳ ದರಪಟ್ಟಿಯಲ್ಲಿ ಮರದ ಹೆಸರು, ಕ್ವಿಂಟಾಲಿನ ಬೆಲೆಗಳ ಪಕ್ಕದಲ್ಲಿ ಕಡಿದ ತಿಂಗಳು ಎಂಬ ಮೂರನೆಯ ಕಾಲಂ ಒಂದನ್ನು ಸೀಮೆಸುಣ್ಣದಲ್ಲಿ ಬರೆದರೆ ಸಾಕು. ಎರಡು ಮುಳ್ಳು ಚುಚ್ಚಿ ಮರದ ತೇವ ಹೇಳುವ ಸಣ್ಣ ಮೀಟರುಗಳು ಈಗ ಮಾರುಕಟ್ಟೆಯಲ್ಲಿ ಸಿಗುತ್ತವೆ. ಊರಿನ ಸ್ಮಶಾನಗಳನ್ನು ನೋಡಿಕೊಳ್ಳುವ ಪಂಚಾಯಿತಿಗಳು, ಪುರಸಭೆಗಳು ಅಂಥದ್ದೊಂದನ್ನು ತಕ್ಕಡಿಯ ಪಕ್ಕದಲ್ಲೇ ನೇತುಹಾಕಲಿ, ಚಿತೆಗೆ ಮಾರುವ ಸೌದೆಯನ್ನು ಮಳೆಗೆ ಮೊದಲೇ ತಂದು ಸೂರಿನಡಿ ಒಟ್ಟಲಿ.